ಮಳಗಿಯ ಬಾವಿನ ಪುಡಿ

೧೯೬೩ರ ಅಕ್ಟೋಬರ್ ೧೪, ಸೋಮವಾರ ಬೆಳಿಗ್ಗೆ ಡಾಕ್ಟರ್ ಚನಬಸಪ್ಪ ದಾಂಡೇಲಿ ಠಾಣೆಗೆ ಬಂದು ದೂರು ಕೊಟ್ಟರು. ಅವರ ದವಾಖಾನೆಯ ಹಿಂದಿನ ಪ್ರಯೋಗದ ಕೋಣೆಗೆ ಯಾರೋ ನುಗ್ಗಿ ಗಾಜಿನ ಉಪಕರಣ ಒಡೆದು, ಒಂದು ಸೀಸೆ ಪುಡಿ ಕದ್ದಿದ್ದರು. ಸಬ್ ಇನ್‌ಸ್ಪೆಕ್ಟರ್ ಶಂಕ್ರಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಗೂಳಪ್ಪನೊಂದಿಗೆ ಸ್ಥಳಕ್ಕೆ ಹೋದರು.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಬಾಗಿಲ ಕೊಂಡಿ ಕಿತ್ತುಹೋಗಿತ್ತು. ಗಾಜಿನ ನಳಿಗೆಗಳು ಪುಡಿಯಾಗಿದ್ದವು. ಸೂಕ್ಷ್ಮದರ್ಶಕ, ಗೋಡೆ ಗಡಿಯಾರಗಳನ್ನು ಯಾರೂ ಮುಟ್ಟಿರಲಿಲ್ಲ. ಸೀಸೆ ತೊಳೆಯುವ ಕೆಲಸದ ಮಾಲವ್ವ ಚೂರುಗಳನ್ನು ನೋಡುತ್ತ ಮೂಲೆಯಲ್ಲಿ ನಿಂತಿದ್ದಳು.

"ಇದರಿಂದ ಏನ್ ಮಾಡತೀರಿ ಡಾಕ್ಟ್ರ?" ಎಂದು ಶಂಕ್ರಪ್ಪ ನಳಿಗೆಗಳನ್ನು ತೋರಿಸಿ ಕೇಳಿದರು.

"ಆಗಷ್ಟ ಕೊಯ್ದ ಆಡಿನ ಮೂತ್ರಪಿಂಡ ತಂದು, ಅದರ ರಕ್ತನಾಳಕ್ಕ ಈ ನಳಿಗಿ ಕಟ್ಟಿ ಬೆಚ್ಚಗಿನ ಉಪ್ಪುನೀರು ಬಿಡತೇನಿ. ಇನ್ನೊಂದು ಕಡೆ ಹನಿ ಹನಿ ಬೀಳತೈತಿ. ಔಷಧ ಕೂಡಿಸಿದಾಗ ಹನಿ ಜೋರಾದ್ರ ನಾಳ ಸಡಿಲಾದಂಗ, ನಿಂತ್ರ ಬಿಗಿದಂಗ."

"ಕಳುವಾದ ಪುಡಿ ಯಾರದು?"

"ಮಳಗಿ ನಾಟಿ ವೈದ್ಯ ಬಸಲಿಂಗಯ್ಯಂದು. ಮೈ ಬಾತವರಿಗೆ ಕೊಡತಾನ. ಅದರ ಕಷಾಯ ಬಿಟ್ಟಕೂಡಲೆ ಹನಿ ನಿಂತಬಿಟ್ಟುವು. ಮತ್ತ ಮತ್ತ ನೋಡಿದೆ, ಹಂಗ ಆತು. ಅಂದ್ರ ಅದು ಬಾವು ಇಳಸೂದಿಲ್ಲ, ಮೂತ್ರಪಿಂಡಾನ ಕೊಲ್ಲತೈತಿ. ಬರೋ ಐತವಾರ, ಅದನ್ನ ಕುಡಿಯೋ ಮಿಲ್ಲಿನ ಮಂದೀನ್ನ ಕರೆದು ತೋರಸಾಂವ ಇದ್ದೆ."

ಅನುಮಾನ ವೈದ್ಯನ ಮೇಲೆಯೇ ಹೋಯಿತು. ಮರುದಿನ ಗೂಳಪ್ಪ ಹಳಿಯಾಳ, ಮುಂಡಗೋಡ ದಾಟಿ ಮಳಗಿಗೆ ಹೋಗಿ ಬಂದ.

"ಸಾಹೇಬ್ರ, ಬಸಲಿಂಗಯ್ಯ ಶ್ರಾವಣದಾಗ ತೀರಿಕೊಂಡಾನ್ರಿ. ಹೇಂತಿ ಗುರುಸಿದ್ದವ್ವ ಒಬ್ಬಾಕೀನ ಅದಾಳ. ಆ ಪುಡಿ ಈಗ ಯಾರೂ ಮಾಡೂದಿಲ್ಲ."

ಹಾಗಾದರೆ ಪುಡಿಯ ಗುಟ್ಟು ಮುಚ್ಚಿಟ್ಟು ಯಾರಿಗೇನು ಲಾಭ? ಶಂಕ್ರಪ್ಪನವರಿಗೆ ತಿಳಿಯಲಿಲ್ಲ. ಡಾಕ್ಟರು ಪರೀಕ್ಷೆಯನ್ನಾದರೂ ಮತ್ತೆ ಮಾಡಲಿ ಎಂದು, ಹಳೆಯ ಪುಡಿ ಉಳಿದಿದ್ದರೆ ತರಲು ಮಿಲ್ ಕಾರ್ಮಿಕರ ಸಾಲುಮನೆಗಳ ಚಾಳಿಗೆ ತಾವೇ ಹೋದರು. ಯಾವ ಮನೆಯಲ್ಲೂ ಇರಲಿಲ್ಲ.

"ಚೆಲ್ಲಿಬಿಟ್ಟೇವ್ರಿ," ಎಂದಳು ಆ ಚಾಳಿನ ಮುದಕವ್ವ. "ಮಳಗಿ ವೈದ್ಯನ ಗಡಿಗ್ಯಾಗ ಹಲ್ಲಿ ಬಿದ್ದಿತ್ತಂತ. ಮಾಲವ್ವ ಮನಿಮನಿಗೆ ಬಂದು ಹೇಳಿದ್ಲು."

"ಯಾವಾಗ?"

"ಡಾಕ್ಟ್ರ ದವಾಖಾನಿ ಕಳುವಿಗಿಂತ ಮೊದಲ ರೀ."

ಕಳುವಿಗೆ ಮೊದಲು ಪುಡಿ ಕೆಟ್ಟದ್ದೆಂದು ಪ್ರಯೋಗದ ಕೋಣೆಯಲ್ಲಿದ್ದವರಿಗಷ್ಟೇ ಗೊತ್ತಿತ್ತು; ಹಲ್ಲಿ ಬರೀ ನೆಪ. ಶಂಕ್ರಪ್ಪ ನೇರ ಮಾಲವ್ವನ ಮನೆಗೆ ನಡೆದರು.

"ಮಂದಿ ಜೀವಾ ಉಳಿಸಿದಿ. ಗಾಜು ಯಾಕ ಒಡದಿ?"

ಮಾಲವ್ವ ಹೊಸ್ತಿಲ ಮೇಲೆ ಕುಳಿತಳು.

"ನಮ್ಮತ್ತಿ ಸಿದ್ದಕ್ಕ ಹ್ವಾದ ವರ್ಷ ಮೈ ಬಾತು ಸತ್ಲರಿ. ಆ ಪುಡಿ ಒಲ್ಲೆ ಒಲ್ಲೆ ಅಂತಿದ್ಲು. ನನ್ನ ಗಂಡ ತಾನ ಮಳಗಿಗೆ ಹೋಗಿ ತಂದು, ಬಾಯಿ ತಗಸಿ ಕುಡಿಸಿದ್ದ. ತಾಯಿ ಉಳೀಲಿ ಅಂತ. ಅಂವನೂ ಮಿಲ್ಲಿನಾಂವರಿ. ಐತವಾರ ಆ ಹನಿ ನಿಂತಿದ್ದು ಅಂವ ನೋಡಿದ್ರ ಏನಾಗತಿದ್ದ ಹೇಳ್ರಿ? ಮಾಡಾಂವ ಸತ್ತಾನ, ಉಳಿದಿದ್ದು ನಾ ಚೆಲ್ಲಿಸೇನಿ. ಇನ್ನ ಯಾರಿಗೆ ತ್ರಾಸು?"

"ಆ ಪುಡಿ ಮಾಡೂ ಬೇರು ಅಡವ್ಯಾಗ ಇನ್ನೂ ಐತೆವ್ವ. ನಾಳೆ ಮತ್ತೊಬ್ಬ ಅಗೀತಾನ."

ಆಕೆ ತಲೆ ತಗ್ಗಿಸಿದಳು. ಎದ್ದು ಹಿತ್ತಲಿಗೆ ಹೋಗಿ ಮಣ್ಣು ಬಗೆದು ಸೀಸೆ ತೆಗೆದುಕೊಟ್ಟಳು. ಜಪ್ತಿ ಪಂಚನಾಮೆ ಮುಗಿಸಿ ಮಾಲವ್ವನನ್ನು ಬಂಧಿಸಲಾಯಿತು.

ಪಾಳಿ ಮುಗಿಸಿದ ಗಂಡ ಉಳವಪ್ಪ ಠಾಣೆಗೆ ಓಡಿಬಂದ. ಹೇಗಿದ್ದರೂ ಅವನು ಮುಂದೆ ಕೋರ್ಟಿನಲ್ಲಿ ಕೇಳಲಿರುವ ಮಾತೇ ಅದು. ಶಂಕ್ರಪ್ಪ ಅವನನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದರು.

"ಒಲ್ಲೆ ಅಂದಿದ್ಲು ಅವ್ವ," ಎಂದ ಉಳವಪ್ಪ. ಮುಖ ಒರೆಸಿಕೊಂಡು ಕೇಳಿದ: "ಅಕಿ ಏನರ ಉಂಡಾಳೇನ್ರಿ?"

"ಇಲ್ಲ."

"ರೊಟ್ಟಿ ತರತೇನ್ರಿ. ಡಾಕ್ಟ್ರಿಗೆ ಹೇಳ್ರಿ, ಐತವಾರ ತೋರಸೂದು ತೋರಸಲಿ. ಕುಡಿಸಿದಾಂವ ನಾನ ಅಂತ ಎಲ್ಲಾರ ಮುಂದ ನಾನ ಹೇಳತೇನಿ."

ಅವನು ಹೋದ ಮೇಲೆ ಶಂಕ್ರಪ್ಪ ಒಳಗೆ ಹೋಗಿ ಮಾಲವ್ವನಿಗೆ ಅದನ್ನು ತಿಳಿಸಿದರು. ಗಂಡನಿಗೆ ಗೊತ್ತಾಗಬಾರದೆಂಬ ಒಂದೇ ಹೆದರಿಕೆಯಿಂದ ಕದ್ದವಳು ಅವಳು. ಅಂದು ಮೊದಲ ಸಲ ಗೋಡೆಗೆ ಒರಗಿ ಅತ್ತಳು.