ಗೀಟೆಳೆದ ನಾಲ್ಕನೆಯ ಸಾಲು

ಆ ನೋಟ್‌ಬುಕ್ಕನ್ನು ಅವಳು ಬೇಕೆಂದು ತೆರೆದದ್ದಲ್ಲ. ಲಿಫ್ಟ್ ರಿಪೇರಿಯವನು ಅಂಗಡಿಯ ಕೌಂಟರಿನ ಮೇಲೆ ಬಿಟ್ಟುಹೋಗಿದ್ದ ಜಾಕೆಟ್ಟನ್ನು ಎತ್ತಿಡಲು ಹೋದಾಗ ಅದು ಜೇಬಿನಿಂದ ಜಾರಿ ಬಿತ್ತು. ಬಿದ್ದ ಪುಟ ತೆರೆದೇ ಇತ್ತು.

‘ಯೇಸುವಿನ ವಿಷಯ ಹೇಳಬೇಕಾದ ಐದು ಜನ’ ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ ಅವನದೇ ದುಂಡು ಅಕ್ಷರ. ಒಂದು, ಗೇಟಿನ ವಾಚ್‌ಮನ್. ಎರಡು, ಪಕ್ಕದ ಮನೆ ಅಜ್ಜಿ. ಮೂರು, ಜೊತೆ ಕೆಲಸದವನು. ನಾಲ್ಕು, ಮೂರನೇ ಮಹಡಿ ಕನ್ನಡಕದಂಗಡಿಯ ಹುಡುಗಿ. ಐದು, ಹಾಲು ಹಾಕುವವನು.

ಆ ನಾಲ್ಕನೆಯ ಸಾಲಿನ ಮೇಲೆ ಮಾತ್ರ ಅಡ್ಡಗೀಟು.

ಆ ಹುಡುಗಿ ಅವಳೇ. ಗೀಟು ಎಂದರೆ ಕೆಲಸ ಮುಗಿಯಿತೆಂದು ತಾನೆ?

ಅವನ ಪರಿಚಯವಾಗಿ ಆರು ತಿಂಗಳು. ಲಿಫ್ಟ್ ಸರ್ವಿಸಿಗೆ ಬಂದವನು ಕಣ್ಣು ಪರೀಕ್ಷೆಗೆಂದು ಕೂತಿದ್ದ. ಅವಳು ಲೆನ್ಸ್ ಬದಲಿಸಿ, “ಈಗ ಹೇಗೆ ಕಾಣುತ್ತೆ?” ಎಂದಾಗ ಗೋಡೆಯ ಅಕ್ಷರ ಬಿಟ್ಟು ಅವಳತ್ತ ನೋಡಿದ್ದ.

“ತುಂಬಾ ಚೆನ್ನಾಗಿದೆ ಡಾಕ್ಟ್ರೇ.”

“ನಾನು ಡಾಕ್ಟರಲ್ಲ. ಬೋರ್ಡ್ ನೋಡಿ.”

“ಬೋರ್ಡ್ ವಿಷ್ಯನೇ ಹೇಳಿದ್ದು!”

ಅವಳ ಕಿವಿ ಬಿಸಿಯಾಗಿತ್ತು. ಅಂದಿನಿಂದ ಲಿಫ್ಟಿಗೆ ಪದೇ ಪದೇ ಕೆಡುವ ಚಾಳಿ ಹತ್ತಿದೆಯೆಂದು ಮಹಡಿಯವರೆಲ್ಲ ನಗುತ್ತಿದ್ದರು. ಅವನು ಭಾನುವಾರ ಚರ್ಚಿಗೆ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಅದರಾಚೆಗೆ ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೇಳಲು ಅವಳಿಗೆ ಭಯವಿತ್ತು.

ಹನ್ನೆರಡು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ, ದಿನವೂ ಇಬ್ಬರು ಬಂದು ಮಂಚದ ಪಕ್ಕ ಕೂರುತ್ತಿದ್ದರು. ಜೇನಿನಂಥ ಮಾತು. ‘ಯೇಸುವನ್ನ ನಂಬಿ, ಎದ್ದು ಓಡಾಡ್ತೀರಿ’ ಎನ್ನುತ್ತಿದ್ದರು. ಅಪ್ಪ ನಂಬಿದರು. ಏಳಲಿಲ್ಲ. ಕೊನೆಯ ವಾರ ಆ ಇಬ್ಬರು, ‘ನಿಮ್ಮ ನಂಬಿಕೆ ಸಾಲದು’ ಎಂದು ಹೇಳಿ ಎದ್ದುಹೋದರು. ತಪ್ಪು ತನ್ನದೇ ಎಂದು ಕೊರಗುತ್ತಲೇ ಅಪ್ಪ ಕಣ್ಣು ಮುಚ್ಚಿದರು. ಅಮ್ಮ ಈಗಲೂ ಹೇಳುವುದು ಒಂದೇ ಮಾತು: “ಬಯ್ಯೋರಿಗೆ ಹೆದರಬೇಡ ಮಗಳೇ, ಬೆಣ್ಣೆ ಹಚ್ಚೋರಿಗೆ ಹೆದರು.”

ಅವನು ಜಾಕೆಟ್ಟಿಗೆಂದು ಮರಳಿ ಬಂದಾಗ ಅವಳು ನೋಟ್‌ಬುಕ್ಕನ್ನು ಅವನತ್ತ ತಿರುಗಿಸಿಟ್ಟಳು. ಲೆನ್ಸ್ ಒರೆಸುವ ಬಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದಳು.

“ನಾಲ್ಕನೇ ನಂಬರ್ ನಾನೇನಾ?”

ಅವನ ಮುಖ ಬಿಳಿಚಿತು. “ಹೂಂ.”

“ಗಾಳ ಹಾಕ್ದೆ, ಮೀನು ಕಚ್ಚಿತು, ಗೀಟೆಳೆದೆ. ಅಷ್ಟೇ ತಾನೆ?”

“ಅಲ್ಲ, ಕೇಳು. ಚರ್ಚಲ್ಲಿ ಕ್ಲಾಸ್ ಇತ್ತು. ಐದು ಜನರನ್ನ ಬರ್ಕೊಳ್ಳಿ ಅಂದ್ರು, ಬರ್ಕೊಂಡೆ. ಮಾತು ಎಲ್ಲಿಂದ ಶುರು ಮಾಡ್ಬೇಕು, ಎಲ್ಲಿಗೆ ತಂದು ನಿಲ್ಲಿಸ್ಬೇಕು, ಎಲ್ಲಾ ಹೇಳ್ಕೊಟ್ಟಿದ್ರು. ಎರಡನೇ ಸಲ ಅಂಗಡಿಗೆ ಬಂದಾಗ ಬಾಯಿಪಾಠ ಮಾಡ್ಕೊಂಡೇ ಬಂದಿದ್ದೆ. ನೀನು ಒಬ್ಬ ತಾತನಿಗೆ ಕನ್ನಡಕ ಹಾಕಿ, ‘ಕಿವಿ ಹಿಂದೆ ಒತ್ತುತ್ತಾ? ಒತ್ತುತ್ತಾ?’ ಅಂತ ಮೂರು ಸಲ ಕೇಳಿದೆ. ನಂಗೆ ಪಾಠ ಎಲ್ಲಾ ಮರ್ತುಹೋಯ್ತು. ಅವತ್ತೇ ಗೀಟೆಳೆದೆ.”

“ಯಾಕೆ?”

“ಹೆದರಿಕೆ. ಇನ್ನು ನಾನು ದೇವರ ವಿಷ್ಯ ಎತ್ತಿದ್ರೆ, ಅದು ದೇವರಿಗೋಸ್ಕರನಾ, ನೀನು ಸಿಗ್ಲಿ ಅಂತಾನಾ, ನಂಗೇ ಗೊತ್ತಾಗಲ್ಲ. ನನ್ನ ಮನಸ್ಸು ನೋಯಬಾರದು ಅಂತ ನೀನು ಹೂಂ ಅಂದ್ರೆ ಅದು ಸುಳ್ಳು. ಒಲ್ಲೆ ಅಂದ್ರೆ...” ಅವನು ನೋಟ್‌ಬುಕ್ ಮುಚ್ಚಿದ. “ಅದಕ್ಕೆ ಬಾಯಿಗೆ ಬೀಗ ಹಾಕ್ಕೊಂಡೆ. ನನ್ನ ಬದುಕಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ನಿನ್ನಿಂದ ಮುಚ್ಚಿಟ್ಟೆ. ಅದೂ ತಪ್ಪೇ.”

ಅವಳಿಗೆ ನಂಬಬೇಕೆನಿಸಿತು. ಅವಳನ್ನು ಹೆದರಿಸಿದ್ದೂ ಅದೇ. ಅಪ್ಪನಿಗೂ ಹೀಗೇ ನಂಬಬೇಕೆನಿಸಿರಬೇಕು.

ಅಪ್ಪನ ಕಥೆಯನ್ನು ಮೊದಲ ಬಾರಿ ಅವನಿಗೆ ಹೇಳಿದಳು. ಕೊನೆಗೆ ಕೇಳಿದ, “ಅಮ್ಮನ್ನ ನೋಡ್ಬಹುದಾ?”

“ನಿನ್ನ ಸಿಗಿದು ತೋರಣ ಕಟ್ತಾಳೆ.”

“ಕಟ್ಲಿ.”

“ಬಂದು ಏನು ಹೇಳ್ತೀಯಾ?”

“ಹೇಳೋಕಲ್ಲ. ಕೇಳಿಸ್ಕೊಳ್ಳೋಕೆ.”

ಭಾನುವಾರ ಮಧ್ಯಾಹ್ನ ಅವನು ಬಂದಾಗ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೂರು ಎನ್ನಲಿಲ್ಲ. ರವಿಕೆಯ ತೋಳು ಮುಗಿಯುವವರೆಗೂ ತಲೆಯೆತ್ತಲಿಲ್ಲ. ಆಮೇಲೆ ಯಂತ್ರ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು.

“ನನ್ನ ಗಂಡ ನಂಬಿದ್ರು. ಮತ್ಯಾಕೆ ಉಳೀಲಿಲ್ಲ?”

ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಈಗ ಅವನ ಬಾಯಿಂದ ಒಂದೇ ಒಂದು ಸಿಹಿ ಮಾತು ಬಂದರೆ ಎಲ್ಲವೂ ಮುಗಿಯಿತು.

“ಗೊತ್ತಿಲ್ಲಮ್ಮ,” ಎಂದ ಅವನು.

ಅಮ್ಮನ ಕೈ ಬಟ್ಟೆಯ ಮೇಲೆ ನಿಶ್ಚಲವಾಯಿತು. “ಗೊತ್ತಿಲ್ಲ ಅನ್ನೋಕೂ ಬರುತ್ತಾ ನಿಮ್ಮವರಿಗೆ?”

“ನಂಬಿಕೆ ಸಾಲದು ಅಂತ ಅವರು ಅಂದಿದ್ದು ದೊಡ್ಡ ತಪ್ಪು. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ.”

“ಇಷ್ಟೆಲ್ಲಾ ಆದ್ಮೇಲೂ ನೀನ್ಯಾಕೆ ನಂಬ್ತೀಯಾ?”

ಅವನು ತನ್ನ ಬೂಟುಗಳನ್ನು ನೋಡುತ್ತ ಹೇಳಿದ. “ನಮ್ಮಣ್ಣನೂ ಲಿಫ್ಟ್ ಕೆಲಸದವನೇ. ಲಿಫ್ಟ್ ಓಡಾಡೋ ಗುಂಡಿಗೆ ಬಿದ್ದ. ನಾಲ್ಕು ದಿನ ಜೀವ ಇತ್ತು, ನಾಲ್ಕು ದಿನಾನೂ ಪ್ರಾರ್ಥನೆ ಮಾಡ್ದೆ. ಉಳೀಲಿಲ್ಲ. ದೇವರ ಹತ್ರ ಒಂದು ವರ್ಷ ಮಾತು ಬಿಟ್ಟಿದ್ದೆ. ಆದ್ರೆ ಯೇಸುನೂ ಗೆಳೆಯ ಸತ್ತಾಗ ಎಲ್ಲರ ಮುಂದೆ ಅತ್ತ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ. ಅಳೋ ದೇವರ ಜೊತೆ ಕೋಪ ಮಾಡ್ಕೊಂಡಾದ್ರೂ ಇರಬಹುದು ಅನ್ನಿಸ್ತು. ಈಗಲೂ ಗುಂಡಿಗೆ ಇಳಿಯುವಾಗ ಕಾಲು ನಡುಗುತ್ತೆ. ಒಬ್ಬನೇ ಇಳೀತಿಲ್ಲ ಅಂದ್ಕೊಂಡು ಇಳೀತೀನಿ. ನಂಗೆ ಗೊತ್ತಿರೋದು ಅಷ್ಟೇ.”

ಅಮ್ಮ ಹಲ್ಲಿನಿಂದ ದಾರ ಕಡಿದಳು. “ನಿನ್ನ ದೇವರನ್ನ ನಾನು ಒಪ್ಪಲ್ಲ.”

“ಆಗ್ಲಿ ಅಮ್ಮ.”

“ನನ್ನ ಮಗಳೂ ಯಾವತ್ತೂ ಒಪ್ಪದೇ ಇರಬಹುದು. ಆಗ್ಲೂ ಹೀಗೇ ಆಗ್ಲಿ ಅಂತೀಯಾ?”

ಅವನು ಬಾಗಿಲತ್ತ ತಿರುಗಿದ. ಆ ಕಣ್ಣುಗಳಲ್ಲಿ ಭಯ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ.

“ಅವಳು ಕೇಳಿದ್ರೆ ಹೇಳ್ತೀನಿ. ಕೇಳದೇ ಇದ್ರೂ ಪ್ರೀತಿಸ್ತೀನಿ.”

ಅಮ್ಮ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ಎತ್ತಿ ನೆಲಕ್ಕಿಟ್ಟಳು. “ಕಂಬದ ಹಾಗೆ ನಿಂತಿದ್ದೀಯಲ್ಲ, ಕೂತ್ಕೋ.”

ಒಂದು ಗಂಟೆಯ ನಂತರ ಅವನನ್ನು ಬೀಳ್ಕೊಡಲು ಮೆಟ್ಟಿಲವರೆಗೆ ಬಂದವಳು ಅಲ್ಲೇ ನಿಂತಳು.

“ನಾಳೆ ಗುಂಡಿಗೆ ಇಳೀತೀಯಾ?”

“ಹೂಂ. ದೊಡ್ಡ ಕಟ್ಟಡ, ಹದಿನಾಲ್ಕು ಮಹಡಿ.”

“ಇಳಿಯೋ ಮುಂಚೆ ನಿನ್ನ ದೇವರ ಹತ್ರ ಏನು ಹೇಳ್ಕೋತೀಯಾ?”

ಅವನು ಅವಳ ಮುಖವನ್ನೇ ನೋಡಿದ. “ನಿಜವಾಗ್ಲೂ ಕೇಳ್ತಿದ್ದೀಯಾ?”

“ಭಯ ಆಗ್ತಿದೆ ಕಣೋ. ಆದ್ರೂ ಕೇಳ್ತಿದ್ದೀನಿ. ನಿನ್ನ ಪ್ರೀತಿಸೋದಾದ್ರೆ ಆ ಭಾಗ ಬಿಟ್ಟು ಹೇಗೆ ಪ್ರೀತಿಸ್ಲಿ?”

ಅವನು ಮೆಟ್ಟಿಲ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತು, ತಣ್ಣಗಾಗಿದ್ದ ತನ್ನ ಕೈಯನ್ನು ಅವನ ಅಂಗೈಯೊಳಗಿಟ್ಟಳು. ಅವನ ಕೈಯೂ ಅಷ್ಟೇ ತಣ್ಣಗಿತ್ತು. ಇಬ್ಬರೂ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ, ತಡವರಿಸುತ್ತ, ಅವನು ಹೇಳತೊಡಗಿದ.