ಇಪ್ಪತ್ತು ಗಂಟು ಹೆಚ್ಚಿಗೆ

ಬಹಳ ಹಿಂದೆ, ಕಡಲಿಗೂ ಮನುಷ್ಯರಿಗೂ ಇನ್ನೂ ಮಾತುಕತೆ ಇದ್ದ ಕಾಲದಲ್ಲಿ, ತೆರೆಯೂರು ಎಂಬ ಒಂದು ರಾಜ್ಯವಿತ್ತು. ಅದನ್ನು ಮಕರಸೇನನೆಂಬ ದೊರೆ ಆಳುತ್ತಿದ್ದ. ದೊರೆ ಒಳ್ಳೆಯವನೇ. ಆದರೆ ಹೊಟ್ಟೆ ತುಂಬಿದ ಮೇಲೆ ಪ್ರಶ್ನೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಅಂಥ ದೊರೆಗಳು ಎಲ್ಲ ರಾಜ್ಯಗಳಲ್ಲೂ ಇರುತ್ತಾರೆ, ಬಿಡಿ.

ತೆರೆಯೂರಿನವರು ಬದುಕುತ್ತಿದ್ದದ್ದು ಕೇದರ ಮೀನಿನಿಂದ. ನೀಲಿ ಬೆನ್ನು, ಕೆಂಪು ಮಾಂಸ, ಆಳೆತ್ತರದ ಮೈ. ಒಂದು ಕೇದರ ಸಿಕ್ಕಿತೆಂದರೆ ಇಡೀ ಕೇರಿಗೆ ಎರಡು ಹೊತ್ತಿನ ಸಾರು. ಅಷ್ಟು ದೊಡ್ಡ ಮೀನನ್ನು ಕೊಡುವ ಕಡಲಮ್ಮ ಊರಿಗೆ ಎರಡು ಕಟ್ಟಳೆಗಳನ್ನೂ ಕೊಟ್ಟಿದ್ದಳು.

ಮೊದಲನೆಯದು, ಮುಂಗಾರಿನ ಮೊದಲ ಮಳೆಯಿಂದ ನೂಲಹುಣ್ಣಿಮೆಯವರೆಗೆ ಕಡಲಮ್ಮ ಬಾಣಂತಿ. ಆಗ ಮೀನುಗಳು ಮೊಟ್ಟೆಯಿಡುವ ಸಮಯ. ದೋಣಿಗಳನ್ನು ಮರಳ ಮೇಲೆ ಕವುಚಿ ಹಾಕಬೇಕು. ದಂಡೆಯಲ್ಲಿ ಗಟ್ಟಿಯಾಗಿ ಮಾತನಾಡಬಾರದು. ಗಂಡಹೆಂಡಿರಿಗೆ ಜಗಳ ಬಂದರೂ ಊರೊಳಗೆ ಹೋಗಿ ಆಡಿಕೊಳ್ಳಬೇಕು.

ಎರಡನೆಯದು ಗಂಟಿನ ಕಟ್ಟಳೆ. ನೂಲಹುಣ್ಣಿಮೆಯ ಬೆಳಗ್ಗೆ ಊರಿನವರೆಲ್ಲ ದಂಡೆಗೆ ಬಂದು ಕಡಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಬಾಣಂತಿ ಮೊದಲ ಸಲ ಹೊರಗೆ ಬರುವಾಗ ದುರುಗುಟ್ಟಿ ನೋಡಬಾರದಲ್ಲ! ಗಂಟಿನ ಮನೆಯ ಹೆಣ್ಣೊಬ್ಬಳು ಮಾತ್ರ ಬಂಡೆಯ ಮೇಲೆ ನಿಂತು ನೋಡುವಳು. ಕೇದರಗಳ ಮುದಿರಾಣಿ ನೀರಿನಿಂದ ಮೇಲಕ್ಕೆ ನೆಗೆಯುವಳು. ಎಷ್ಟು ನೆಗೆತವೋ ಅಷ್ಟು ಗಂಟು. ಗಂಟಿನ ಮನೆಯವಳು ಒಂದೊಂದು ದೋಣಿಗೆ ಒಂದೊಂದು ಹಗ್ಗದಲ್ಲಿ ಅಷ್ಟೇ ಗಂಟು ಹಾಕಿ ಕೊಡುವಳು. ಒಂದು ಮೀನು ಹಿಡಿದರೆ ಒಂದು ಗಂಟು ಬಿಚ್ಚಬೇಕು. ಗಂಟು ಮುಗಿದ ದಿನ, ಎದುರಿನ ನೀರಿನಲ್ಲಿ ಮೀನು ಕುದಿಯುತ್ತಿದ್ದರೂ ಸರಿ, ಆ ವರ್ಷಕ್ಕೆ ದೋಣಿ ಮರಳಿಗೆ.

ಒಂದು ವರ್ಷ ಗಂಟಿನ ಮನೆಯ ಅಜ್ಜಿ ತೀರಿಕೊಂಡಳು. ಕೆಲಸ ಮೊಮ್ಮಗಳು ಸೋಮಿಯ ಪಾಲಿಗೆ ಬಂತು. ಇಪ್ಪತ್ತರ ಹುಡುಗಿ, ಚುರುಕು ಕೈ, ಮೆತ್ತನೆ ಮನಸ್ಸು. ಎಣಿಸುವವರಿಗೆ ಮೆತ್ತನೆ ಮನಸ್ಸು ಒಳ್ಳೆಯದಲ್ಲ ಎಂದು ಅಜ್ಜಿ ಹೇಳಿದ್ದಳು. ಅಜ್ಜಿಯರು ಹೇಳುತ್ತಲೇ ಇರುತ್ತಾರೆ, ಯಾರು ಕೇಳುತ್ತಾರೆ?

ಹುಣ್ಣಿಮೆಯ ಹಿಂದಿನ ದಿನ, ದೋಣಿ ನಡೆಸುವವರಲ್ಲಿ ಹಿರಿಯನಾದ ತಂಡೇಲ ಜಟ್ಟಯ್ಯ ಅವಳ ಮನೆಗೆ ಬಂದ.

"ಈ ಸಲ ಮಗಳ ಮದುವೆ ಉಂಟು ಸೋಮಿ. ಸ್ವಲ್ಪ ಕೈ ಬಿಚ್ಚಿ ಹೇಳು ಮಾರಾಯ್ತಿ."

"ಹೇಳುವುದು ನಾನಲ್ಲ ಮಾವ, ಮೀನು."

"ಅದು ಗೊತ್ತುಂಟು. ಆದರೆ ಕೇಳಿಸಿಕೊಳ್ಳುವವಳು ನೀನಲ್ಲವಾ?" ಎಂದು ನಕ್ಕು, ಒಂದು ಬಾಳೆಗೊನೆ ಇಟ್ಟು ಹೋದ.

ಮರುದಿನ ಸೋಮಿ ಬಂಡೆಯ ಮೇಲೆ ನಿಂತಳು. ಮುದಿರಾಣಿ ನೆಗೆದಳು. ಒಂದು, ಎರಡು, ಮೂರು... ನಲವತ್ತಕ್ಕೆ ನೀರು ಮುಚ್ಚಿಕೊಂಡಿತು. ಸೋಮಿ ಕಾದಳು. ಹಿಂದಿನ ವರ್ಷ ತೊಂಬತ್ತಿತ್ತು. ಹಿಂದೆ ತಿರುಗಿ ನೋಡಿದರೆ ಮುನ್ನೂರು ಬೆನ್ನುಗಳು ಸದ್ದಿಲ್ಲದೆ ಕಾಯುತ್ತಿದ್ದವು. ಜಟ್ಟಯ್ಯನ ಬೆನ್ನು ಎಲ್ಲಕ್ಕಿಂತ ಮುಂದಿತ್ತು. ಅವಳ ಕರುಳು ಚುರುಕ್ ಎಂದಿತು.

"ಅರವತ್ತು!" ಎಂದು ಕೂಗಿದಳು.

ಆಕಾಶ ಕಳಚಿ ಬೀಳಲಿಲ್ಲ. ಕಡಲು ಉಕ್ಕಲಿಲ್ಲ. ಜನ "ಕಮ್ಮಿಯಾಯ್ತು, ಕಮ್ಮಿಯಾಯ್ತು" ಎಂದು ಗೊಣಗುತ್ತಲೇ ಹಗ್ಗ ತೆಗೆದುಕೊಂಡರು. ಅದು ಎಷ್ಟು ಸುಲಭದಲ್ಲಿ ಆಯಿತೆಂದು ನೆನೆದು ಸೋಮಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಹೆದರಿಕೆಯಾಯಿತು.

ಕಡಲಿನಾಚೆ, ಉಪ್ಪಿನ ಕೋಟೆಯಲ್ಲಿ, ಉಪ್ಪುಗಣ್ಣನೆಂಬ ಮಾಂತ್ರಿಕನಿದ್ದ. ಅವನು ಯಾವ ಊರಿಗೂ ತಾನಾಗಿ ಹೋಗುವಂತಿರಲಿಲ್ಲ. ಊರಿನವರ ಒಂದು ಸುಳ್ಳು ಬಾಗಿಲು ತೆರೆದರೆ ಮಾತ್ರ ಒಳಗೆ ಬರಬಹುದಿತ್ತು. ತೆರೆಯೂರಿನ ಸುಳ್ಳಿನ ವಾಸನೆ ಅವನ ಮೂಗಿಗೆ ಬಡಿದ ಮರುವಾರವೇ ಅವನು ದೊರೆಯ ಮುಂದೆ ನಿಂತಿದ್ದ.

"ದೊರೆಗಳೇ, ನಿಮ್ಮ ಜನರ ಹಗ್ಗಗಳನ್ನು ಒಂದು ಸಲ ನನ್ನ ಕೈಗೆ ಕೊಡಿ. ಇವತ್ತು ಬಿಚ್ಚಿದ ಗಂಟು ನಾಳೆ ತಾನೇ ಬಿಗಿದುಕೊಳ್ಳುತ್ತದೆ. ಗಂಟು ಇರುವಷ್ಟು ದಿನ ಮೀನು ಹಿಡಿದರೆ ಕಟ್ಟಳೆ ಮುರಿದಂತಾಗುವುದಿಲ್ಲ."

"ನಿನಗೇನು ಬೇಕು?" ಎಂದ ದೊರೆ.

"ಹೆಚ್ಚೇನಿಲ್ಲ. ಮೀನು ನಿಮಗೇ ಇರಲಿ. ಮಳೆಗಾಲದಲ್ಲೂ ದೋಣಿ ಇಳಿಸಿ, ಹೊಟ್ಟೆಯೊಳಗಿನ ಮೊಟ್ಟೆ ಮಾತ್ರ ನನಗೆ."

ಮೊಟ್ಟೆ ಏಕೆ ಎಂದು ದೊರೆ ಕೇಳಲಿಲ್ಲ. ಆಗ ಅವನ ಹೊಟ್ಟೆ ತುಂಬಿತ್ತು.

ಆಮೇಲೆ ತೆರೆಯೂರಿನಲ್ಲಿ ಏನು ಸಂಭ್ರಮ! ಮೀನುಗಾರರು ಸಂಜೆ ಗಂಟು ಬಿಚ್ಚುವರು, ಬೆಳಗ್ಗೆ ನೋಡಿದರೆ ಹಗ್ಗದ ತುಂಬ ಗಂಟು. "ಗಂಟು ಇನ್ನೂ ಉಂಟಲ್ಲ, ಮತ್ತೇನು?" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಕಡಲನ್ನು ಯಾರೂ ನೋಡಲಿಲ್ಲ, ಎಲ್ಲರೂ ಹಗ್ಗವನ್ನೇ ನೋಡಿದರು. ಜಟ್ಟಯ್ಯ ಮಗಳ ಮದುವೆಯನ್ನು ಇನ್ನಷ್ಟು ದೊಡ್ಡದಾಗಿ ಮಾಡೋಣವೆಂದು ಮುಂದಿನ ವರ್ಷಕ್ಕೆ ಹಾಕಿದ. ಮಳೆಗಾಲ ಬಂತು. ದೋಣಿಗಳು ಕವುಚಿಕೊಳ್ಳಲಿಲ್ಲ. ಬಾಣಂತಿಯ ಕೋಣೆಗೆ ಬಲೆ ನುಗ್ಗಿತು.

ಮೊದಲು ಆಳೆತ್ತರದ ಮೀನು ಬಂತು. ಆಮೇಲೆ ತೋಳುದ್ದದ್ದು. ಆಮೇಲೆ ಗೇಣುದ್ದದ್ದು. ಆಮೇಲೆ ಬರೀ ಬಲೆ ಬಂತು. ಒಂದು ಬೆಳಗ್ಗೆ ತೆರೆಗಳೂ ನಿಂತುಹೋದವು. ಆರಿದ ಗಂಜಿ ಕೆನೆಗಟ್ಟಿದ ಹಾಗೆ ಕಡಲು ಅಲುಗಾಡದೆ ಬಿದ್ದಿತ್ತು. ಹಗ್ಗಗಳಲ್ಲಿ ಮಾತ್ರ ಗಂಟುಗಳು ತುಂಬಿದ್ದವು.

ಸೋಮಿ ಬಂಡೆಗೆ ಹೋಗಿ ಕೂತು ಅತ್ತಳು. ನೀರಿನ ಕೆನೆಯನ್ನು ಸೀಳಿ ಮುದಿರಾಣಿ ತಲೆಯೆತ್ತಿದಳು. ಮೈಯಲ್ಲಿ ಬರೀ ಎಲುಬು ಉಳಿದಿತ್ತು.

"ನಾನು ಎಷ್ಟು ನೆಗೆದಿದ್ದೆ ಮಗಳೇ?"

"ನಲವತ್ತು ತಾಯಿ."

"ನೀನು ಎಷ್ಟು ಹೇಳಿದೆ?"

ಸೋಮಿ ಮೊಣಕಾಲಿಗೆ ಮುಖ ಒತ್ತಿಕೊಂಡಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು.

"ನನ್ನ ಮಕ್ಕಳ ಮೊಟ್ಟೆಗಳು ಉಪ್ಪುಗಣ್ಣನ ಕೋಟೆಯಲ್ಲಿ ಒಂದು ಗಾಜಿನ ಕೊಡದಲ್ಲಿವೆ. ಒಂದೊಂದು ಮೊಟ್ಟೆಯಿಂದ ಅವನಿಗೆ ಒಂದೊಂದು ದಿನದ ಆಯುಸ್ಸು. ಅವು ನೀರಿಗೆ ಬಿದ್ದರೆ ನಾವು ಉಳಿದೇವು, ಇಲ್ಲದಿದ್ದರೆ ನಾನೇ ಕೊನೆಯವಳು. ಕಡಲು ನಿಂತಿದೆ, ಅದರ ಮೇಲೆ ನಡೆದೇ ಹೋಗು."

ಸೋಮಿ ಅನ್ನ ಮತ್ತು ಒಣಮೀನಿನ ಐದು ಉಂಡೆ ಕಟ್ಟಿಕೊಂಡು ಕಡಲಿನ ಮೇಲೆ ನಡೆದಳು. ಒಂದು ಹಗಲು ನಡೆದಳು, ಎರಡು ಹಗಲು ನಡೆದಳು, ಮೂರನೆಯ ಹಗಲು ಉಪ್ಪಿನ ಕೋಟೆ ಕಂಡಿತು.

ಹೊರಬಾಗಿಲಲ್ಲಿ ಮನೆಯಷ್ಟು ದೊಡ್ಡ ಏಡಿ ಕೂತಿತ್ತು. "ಹಸಿವು!" ಎಂದಿತು. ಸೋಮಿ ಒಂದು ಉಂಡೆ ಕೊಟ್ಟಳು. "ಇನ್ನೂ!" ಎಂದಿತು. ಇನ್ನೊಂದು ಕೊಟ್ಟಳು. "ಇನ್ನೂ! ಕೊಡದಿದ್ದರೆ ನಿನ್ನನ್ನೇ ತಿನ್ನುತ್ತೇನೆ." ಆದರೂ ಸೋಮಿ ಬುತ್ತಿಯ ಬಾಯಿ ಕಟ್ಟಿದಳು.

"ಸಾಕು," ಎಂದಳು.

"ಹಾಗೆಂದರೆ?" ಎಂದಿತು ಏಡಿ. ಆ ಮಾತನ್ನು ಅದು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಹಾಗೆಂದರೆ ಹೊಟ್ಟೆಗೆ ಆಯಿತು, ಇನ್ನು ಮಲಗಬಹುದು."

ಏಡಿ ಎಷ್ಟೋ ಹೊತ್ತು ಯೋಚಿಸಿತು. ಮುನ್ನೂರು ವರ್ಷದಿಂದ ತಿಂದು ತಿಂದು ಅದಕ್ಕೆ ದಣಿವಾಗಿತ್ತು. "ಸಾಕು" ಎಂದು ಒಂದು ಸಲ ತಾನೂ ಹೇಳಿ ನೋಡಿತು, ಕೊಂಡಿ ಮಡಚಿ ನಿದ್ದೆಹೋಯಿತು.

ನಡುಬಾಗಿಲಲ್ಲಿ ಒಂದು ಕೊಳ, ಕೊಳದ ದಡದಲ್ಲಿ ಒಂದು ಬಿಳಿ ಕೊಕ್ಕರೆ. "ಕೊಳದಲ್ಲಿ ಎಷ್ಟು ಮೀನಿದೆ, ಎಣಿಸಿ ಹೇಳಿದರೆ ಬಾಗಿಲು ತೆರೆಯುತ್ತೇನೆ," ಎಂದಿತು. ಸೋಮಿ ಎಣಿಸಿದಳು. ಏಳಿದ್ದವು. ಅಷ್ಟರಲ್ಲಿ ಕೊಕ್ಕರೆ ಅಳಲು ಶುರುಮಾಡಿತು. "ಗೂಡಿನಲ್ಲಿ ನನ್ನ ಒಂಬತ್ತು ಮರಿಗಳಿವೆ. ಒಂಬತ್ತು ಎಂದುಬಿಡು ತಾಯಿ, ಎರಡು ತಾನೇ ಹೆಚ್ಚು?"

ಗೂಡಿನಲ್ಲಿ ಮರಿಗಳು ನಿಜವಾಗಿಯೂ ಇದ್ದವು, ನಿಜವಾಗಿಯೂ ಹಸಿದಿದ್ದವು. ಸೋಮಿಗೆ ಜಟ್ಟಯ್ಯನ ಬೆನ್ನು ನೆನಪಾಯಿತು.

"ಏಳು," ಎಂದಳು. "ನಾನು ಒಂಬತ್ತು ಎಂದರೂ ಕೊಳದಲ್ಲಿ ಏಳೇ ಇರುತ್ತವೆ ಅಕ್ಕಾ." ಉಳಿದ ಮೂರು ಉಂಡೆಗಳನ್ನೂ ಬಿಚ್ಚಿ ಗೂಡಿನಲ್ಲಿಟ್ಟಳು. ಕೊಕ್ಕರೆ ಕಣ್ಣೊರೆಸಿಕೊಂಡು ಬಾಗಿಲು ತೆರೆಯಿತು.

ಒಳಗೆ ಉಪ್ಪುಗಣ್ಣ ಗಾಜಿನ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜಗಳ ಮಾಡಲಿಲ್ಲ, ಮಂತ್ರ ಹಾಕಲಿಲ್ಲ. ಅವಳನ್ನು ಕಂಡು ನಕ್ಕ.

"ತೆಗೆದುಕೊಂಡು ಹೋಗು."

ಸೋಮಿ ಕೊಡ ಎತ್ತಿಕೊಂಡಳು. ಅದರ ಬಾಯಿಗೆ ಹಗ್ಗ ಬಿಗಿದಿತ್ತು, ಹಗ್ಗದಲ್ಲಿ ಇಪ್ಪತ್ತು ಗಂಟು. ಗಂಟು ಹಾಕಿದ ರೀತಿ ನೋಡಿದೊಡನೆ ಅದು ತನ್ನದೇ ಕೈ ಎಂದು ಅವಳಿಗೆ ಗೊತ್ತಾಯಿತು. ಎಳೆದಳು, ಕಚ್ಚಿದಳು, ಕಲ್ಲಿಗೆ ಉಜ್ಜಿದಳು. ಒಂದೂ ಸಡಿಲವಾಗಲಿಲ್ಲ.

"ನನಗೆ ಬಾಗಿಲು ತೆರೆದದ್ದು ನಿನ್ನ ಸುಳ್ಳಿನ ಈ ಇಪ್ಪತ್ತು ಗಂಟೇ. ಯಾರಿಗಾಗಿ ಕಟ್ಟಿದೆಯೋ ಅವರೆದುರು ನಿಂತು ಬಾಯಿಬಿಟ್ಟರೆ ಬಿಚ್ಚಿಕೊಳ್ಳುತ್ತವೆ," ಎಂದ ಉಪ್ಪುಗಣ್ಣ. "ಏಡಿಯನ್ನು ಗೆಲ್ಲಬಹುದು, ಕೊಕ್ಕರೆಯನ್ನು ಗೆಲ್ಲಬಹುದು. ನಿನ್ನ ಊರಿನವರ ಮುಖವನ್ನು ಗೆಲ್ಲುವೆಯಾ? ನಾನೂ ಬರುತ್ತೇನೆ ನಡೆ, ನೋಡಿ ನಗಬೇಕು."

ಹಾಗೆ ಇಬ್ಬರೂ ತೆರೆಯೂರಿಗೆ ಬಂದರು. ದಂಡೆಯಲ್ಲಿ ಊರೆಲ್ಲ ಸೇರಿತು, ದೊರೆಯೂ ಬಂದ. ಸೋಮಿ ಕೊಡವನ್ನು ಮರಳ ಮೇಲಿಟ್ಟಳು. ಕಡಲಿನ ಮೇಲೆ ಮೂರು ದಿನ ನಡೆದದ್ದಕ್ಕಿಂತ ಈ ಒಂದು ಮಾತು ದೂರವೆನಿಸಿತು.

"ಮುದಿರಾಣಿ ನೆಗೆದದ್ದು ನಲವತ್ತು. ನಾನು ಅರವತ್ತು ಅಂದೆ. ಇವನು ಒಳಗೆ ಬಂದದ್ದು ನನ್ನ ಸುಳ್ಳಿನಿಂದ. ಕಡಲು ಬರಿದಾಗಿದ್ದು ನನ್ನಿಂದ."

ಒಂದು ಗಂಟು ಬಿಚ್ಚಿಕೊಂಡಿತು. ಒಂದೇ ಒಂದು.

ಜನ ಬೈದರು. ಯಾರೋ ಮರಳು ಎರಚಿದರು. ಗಂಟಿನ ಮನೆಗೆ ಬೆಂಕಿ ಹಾಕಿ ಎಂದು ಕೂಗಿದರು. ಉಪ್ಪುಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸೋಮಿ ತಲೆಬಾಗಿ ನಿಂತಿದ್ದಳು, ಆದರೆ ಅಲ್ಲಿಂದ ಕದಲಲಿಲ್ಲ.

ಆಗ ಜಟ್ಟಯ್ಯ ಮುಂದೆ ಬಂದ. "ಸುಮ್ಮನಿರಿ ಮಾರಾಯರೇ. ಹಿಂದಿನ ದಿನ ಬಾಳೆಗೊನೆ ಹೊತ್ತುಕೊಂಡು ಹೋದವ ನಾನು. ಅವಳ ಬಾಯಿಂದ ಸುಳ್ಳು ಹೊರಡಿಸಿದ್ದು ನಾನು."

ಎರಡನೆಯ ಗಂಟು ಬಿಚ್ಚಿಕೊಂಡಿತು. ಗಲಾಟೆ ನಿಂತಿತು.

"ನಾನು ಗಂಟು ಬಿಚ್ಚಿದ್ದು ನನ್ನ ಬೆರಳಿಗೆ ಗೊತ್ತಿತ್ತು," ಎಂದನೊಬ್ಬ ಮೀನುಗಾರ. "ಬೆಳಗ್ಗೆ ಮತ್ತೆ ಕಂಡಾಗ ಕಣ್ಣುಮುಚ್ಚಿಕೊಂಡೆ." ಮೂರನೆಯದು ಸಡಿಲವಾಯಿತು. "ಗೇಣುದ್ದದ ಮರಿ ಬಂದಾಗ ವಾಪಸು ಬಿಡುವಾ ಅಂದುಕೊಂಡೆ, ಬಿಡಲಿಲ್ಲ," ಎಂದನಿನ್ನೊಬ್ಬ. "ಹೊಟ್ಟೆ ಬಗೆದು ಮೊಟ್ಟೆ ತೆಗೆದದ್ದು ಈ ಕೈ," ಎಂದಳು ಮೀನು ಕೊಯ್ಯುವ ಹೆಂಗಸು, ಹೇಳಿ ಬಿಕ್ಕಿದಳು. ಒಬ್ಬರಾದ ಮೇಲೆ ಒಬ್ಬರು. ಉಪ್ಪುಗಣ್ಣನ ನಗು ಸಣ್ಣದಾಯಿತು. ಹತ್ತೊಂಬತ್ತು ಗಂಟು ಬಿಚ್ಚಿ, ಒಂದು ಉಳಿಯಿತು.

ಎಲ್ಲರೂ ದೊರೆಯ ಕಡೆ ನೋಡಿದರು. ದೊರೆ ಕಿರೀಟ ಸರಿಮಾಡಿಕೊಂಡ, ಕೆಮ್ಮಿದ. ಕೊನೆಗೆ ಹೇಳಿದ, "ಮೊಟ್ಟೆ ಏಕೆ ಎಂದು ನಾನು ಕೇಳಬೇಕಿತ್ತು."

ಕೊಡದ ಬಾಯಿ ತೆರೆಯಿತು. ಸೋಮಿ ಅದನ್ನೆತ್ತಿ ನೀರಿಗೆ ಸುರಿದಳು. ಲಕ್ಷ ಲಕ್ಷ ಮೊಟ್ಟೆಗಳು ಹೊಳೆಯುತ್ತ ಹರಡಿಕೊಂಡವು. ಉಪ್ಪುಗಣ್ಣನ ಕೂದಲು ನರೆಯಿತು, ಬೆನ್ನು ಬಾಗಿತು, ಮೈ ಉಪ್ಪಿನ ಕಂಬವಾಯಿತು. ಬಹುದಿನದ ಮೇಲೆ ಎದ್ದ ಮೊದಲ ತೆರೆ ಅವನನ್ನು ಕರಗಿಸಿಕೊಂಡು ಹೋಯಿತು. ಊರಿನ ಹಗ್ಗಗಳೆಲ್ಲ ಒಂದೇ ಸಲ ಗಂಟು ಕಳಚಿ ನುಣುಪಾದವು.

"ಇನ್ನು ಬೆನ್ನು ಹಾಕಬೇಡಿ," ಎಂದಳು ಸೋಮಿ. "ನನ್ನೊಬ್ಬಳ ಮನಸ್ಸಿನ ಮೇಲೆ ಅಷ್ಟು ಭಾರ ಹೊರಿಸಬೇಡಿ. ತಿರುಗಿ, ಎಲ್ಲರೂ ನೋಡಿ."

ಜನ ಹೆದರುತ್ತ ತಿರುಗಿದರು. ಮುದಿರಾಣಿ ತಲೆಯೆತ್ತಿ ಅವರನ್ನು ಒಮ್ಮೆ ನೋಡಿದಳು. ನೆಗೆಯಲಿಲ್ಲ. ಹಾಗೆಯೇ ಮುಳುಗಿದಳು.

"ಎಷ್ಟಾಯ್ತು?" ಎಂದ ಕಣ್ಣು ಮಂಜಾದ ಮುದುಕನೊಬ್ಬ.

"ಒಂದೂ ಇಲ್ಲ ಅಜ್ಜ," ಎಂದು ಊರೇ ಹೇಳಿತು.

ದೋಣಿಗಳು ಮರಳ ಮೇಲೆ ಕವುಚಿಕೊಂಡವು. ಆ ವರ್ಷ, ಮರುವರ್ಷ, ಅದರ ಮರುವರ್ಷ. ಸುಲಭವಾಗಿರಲಿಲ್ಲ. ದೊರೆ ಕಣಜ ತೆರೆದ, ಅರಮನೆಯಲ್ಲೂ ಗಂಜಿಯೇ ಬೆಂದಿತು. ಜನ ಅಳಿವೆಯಲ್ಲಿ ಚಿಪ್ಪು ಹೆಕ್ಕಿದರು, ಕೆಸುವಿನ ಗೆಡ್ಡೆ ತಿಂದರು. ಕೆಲವರು ಸೋಮಿಯ ಜೊತೆ ಎರಡು ವರ್ಷ ಮಾತನಾಡಲಿಲ್ಲ. ಜಟ್ಟಯ್ಯನ ಮಗಳ ಮದುವೆ ಕುಂಬಳಕಾಯಿ ಸಾರಿನಲ್ಲಿ ಮುಗಿಯಿತು. ಬೀಗರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಾಲ್ಕನೆಯ ವರ್ಷದ ನೂಲಹುಣ್ಣಿಮೆಗೆ ಊರು ಉಸಿರು ಬಿಗಿಹಿಡಿದು ಕಡಲಿನತ್ತ ಮುಖ ಮಾಡಿ ನಿಂತಿತು. ಮುದಿರಾಣಿ ನೆಗೆದಳು. ಅವಳ ಮೈ ತುಂಬಿಕೊಂಡಿತ್ತು. ಜನ ಎಣಿಸಿದರು, ಅಳುತ್ತ ಎಣಿಸಿದರು.

ಎಣಿಸಿ ಮುಗಿದದ್ದೇ ತಡ, ಜಗಳ ಶುರುವಾಯಿತು. ಅರ್ಧ ಊರು ಮೂವತ್ತೆರಡು ಎಂದಿತು, ಅರ್ಧ ಊರು ಮೂವತ್ತೊಂದು ಎಂದಿತು. ಕೊನೆಯದು ನೆಗೆತವೋ ಬರೀ ತೆರೆಯೋ ಎಂದು ಮಧ್ಯಾಹ್ನದವರೆಗೆ ವಾದವಾಯಿತು. ದೊರೆಯೂ ಮೂವತ್ತೆರಡು ಎಣಿಸಿದ್ದ. ಸೋಮಿ ಹಗ್ಗ ಹಿಡಿದು ಕಾದಳು, ತಾನಾಗಿ ಏನೂ ಹೇಳಲಿಲ್ಲ.

ಜಟ್ಟಯ್ಯ ಎದ್ದು ನಿಂತ. ಅವನೂ ಮೂವತ್ತೆರಡರ ಕಡೆಯವನೇ.

"ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ," ಎಂದ. "ಆದರೆ ಅನುಮಾನ ಬಂದಲ್ಲಿ ಮೀನು ಕಡಲಿನದ್ದು. ಮೂವತ್ತೊಂದೇ ಕಟ್ಟು ಮಗಾ."

ಸೋಮಿ ಮೂವತ್ತೊಂದು ಗಂಟು ಕಟ್ಟಿದಳು. ತೆರೆಯೂರಿನವರು ಅಷ್ಟರಲ್ಲೇ ಉಂಡು, ಮಕ್ಕಳ ಮದುವೆ ಮಾಡಿ, ಸುಖವಾಗಿ ಬಾಳಿದರು. ಪ್ರತಿ ವರ್ಷ ಎಣಿಕೆಗೆ ಜಗಳವಾಡಿದರು, ಪ್ರತಿ ವರ್ಷ ಕಡಿಮೆ ಎಣಿಸಿದವರೇ ಗೆದ್ದರು.