ಹದಿನೇಳು ಎಣಿಕೆಯ ಹಾಡು

ಟಪ್!

ಶೂ ಬಕಲ್‌ಗಳಿಗೆ ನಿಕಲ್ ಲೇಪಿಸುವ ತೊಟ್ಟಿಯಿಂದ ಎತ್ತಿದ ಬಕಲ್ ಗೊಂಚಲಿನಿಂದ ಹಸಿರು ಹನಿಯೊಂದು ಸಿಡಿದು, ಪಕ್ಕದಲ್ಲಿ ನಿಂತಿದ್ದ ಅಪರಿಚಿತನ ಬಿಳಿ ಶೂ ಮೇಲೆ ಬಿತ್ತು.

"ಕಣ್ಣು ಕಾಣಲ್ವಾ ನಿಮ್ಗೆ? ತೊಟ್ಟಿ ಹತ್ರ ಯಾರಾದ್ರೂ ಬಿಳಿ ಶೂ ಹಾಕ್ಕೊಂಡು ನಿಲ್ತಾರಾ?"

ತಪ್ಪು ಯಾರದೇ ಇರಲಿ, ಮೊದಲು ಬೈಯುವ ಹಕ್ಕು ಲುನಿಂಗ್‌ಳದು. ಅವಳು ದನಿ ಎತ್ತಿದರೆ ಮರಿಕಿನಾ ನದಿಯ ಮೀನುಗಳೆಲ್ಲ ಸಮುದ್ರದವರೆಗೆ ಓಡುತ್ತಿದ್ದವು. ಸರಿ, ಸಮುದ್ರ ಬೇಡ... ಸೇತುವೆಯನ್ನಂತೂ ದಾಟುತ್ತಿದ್ದವು!

ಅವನು ಶೂ ಕಡೆ ನೋಡಲೇ ಇಲ್ಲ. ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದ.

"ಹದಿನೇಳು. ಇನ್ನೊಂದ್ಸಲ ಮಾಡ್ತೀರಾ?"

"ಏನನ್ನ? ನಿಮ್ ಇನ್ನೊಂದು ಶೂ ಮೇಲೂ ಬೀಳಿಸ್ಲಾ?"

ಅವನು ನಕ್ಕ. ತುಕ್ಕು ಹಿಡಿದ ಕಬ್ಬಿಣವೂ ನಾಚಿ ತಾನಾಗಿಯೇ ಹೊಳೆಯಬೇಕು, ಅಂಥ ನಗು! ಲುನಿಂಗ್ ಮುಖ ತಿರುಗಿಸಿಕೊಂಡಳು. ಕಿವಿ ಮಾತ್ರ ಕೆಂಪಾಗಿತ್ತು.

ಕಾರ್ಖಾನೆಯ ಯಜಮಾನ ಮಾಂಗ್ ಕಾಡಿಯೋ ಬೆವರೊರೆಸಿಕೊಳ್ಳುತ್ತ ಬಂದ. "ಇವ್ರು ಎಲಿಸಿಯೊ. ಶೂ ಕಂಪನಿಯವ್ರು ಕಳ್ಸಿದಾರೆ. ನಮ್ ಹಸಿರು ನೀರು ನದಿ ಸೇರೋದು ಮೂರು ವಾರದಲ್ಲಿ ಕಮ್ಮಿ ಆಗ್ಬೇಕಂತೆ. ಇಲ್ದಿದ್ರೆ ಬಕಲ್ ಬೇರೆ ಕಡೆ ತಗೋತಾರಂತೆ. ಹೆಂಗೆ ಕಮ್ಮಿ ಮಾಡೋದು ಅಂತ ತೋರಿಸಿಕೊಡೋಕೆ ಬಂದಿದಾರೆ."

ಲುನಿಂಗ್ ಸೇರಿ ಏಳು ಹೆಂಗಸರ ಕೈ ಒಟ್ಟಿಗೇ ನಿಂತವು. ಆ ಬಕಲ್‌ಗಳೇ ಅವರ ಅನ್ನ.

ಲುನಿಂಗ್‌ಳ ಅಜ್ಜಿಯೂ ಇದೇ ತೊಟ್ಟಿಯ ಮುಂದೆ ದುಡಿದವಳು. ಗೊಂಚಲು ಎತ್ತಿದ ಮೇಲೆ ಜೋಗುಳದ ಎರಡು ಸಾಲು ಹಾಡಿ ಮುಗಿಸುವವರೆಗೆ ತೊಟ್ಟಿಯ ಮೇಲೆಯೇ ಹಿಡಿದಿರುವುದನ್ನು ಮೊಮ್ಮಗಳಿಗೆ ಕಲಿಸಿದ್ದಳು. ಉಳಿದವರು ಎತ್ತಿ, ಮೂರು ಎಣಿಸುವಷ್ಟರಲ್ಲಿ ತೊಳೆಯುವ ನೀರಿಗೆ ಅದ್ದುತ್ತಿದ್ದರು. ಆ ನೀರು ಚರಂಡಿಗೆ, ಚರಂಡಿ ನದಿಗೆ. ಹಾಡುತ್ತ ನಿಲ್ಲುವ ನಿಧಾನಕ್ಕೇ ಮಾಂಗ್ ಕಾಡಿಯೋ ಲುನಿಂಗ್‌ಗೆ 'ಆಮೆ ರಾಣಿ' ಎಂದು ಹೆಸರಿಟ್ಟಿದ್ದ.

ಎಲಿಸಿಯೊ ದಿನವೂ ಬಂದ. ಬೆಳಿಗ್ಗೆ ಬಿಸಿ ಪಾಂದೆಸಾಲ್ ಬನ್ನುಗಳ ಪೊಟ್ಟಣ ತಂದ. ತೊಳೆಯುವ ನೀರನ್ನು ಶೀಶೆಗಳಲ್ಲಿ ತುಂಬಿದ, ಪುಸ್ತಕದಲ್ಲಿ ಗೀಚಿದ. ಎರಡನೇ ವಾರ ಲುನಿಂಗ್ ಬಾಳೆಹಣ್ಣಿನ ತುರೋನ್ ಕರಿದು ತಂದಳು. ಅವನು ಕೂತಲ್ಲೇ ನಲವತ್ತು ತಿಂದ. ಲುನಿಂಗ್‌ಳ ಪ್ರಕಾರ ನಾಲ್ಕು... ಪ್ರೀತಿಯಲ್ಲಿರುವವರ ಲೆಕ್ಕ ನಂಬುವುದು ಹೇಗೆ?

"ಏನಮ್ಮಾ, ನಮಗೆ ಇಷ್ಟು ವರ್ಷದಲ್ಲಿ ಒಂದು ತುರೋನೂ ಸಿಗ್ಲಿಲ್ವಲ್ಲ!" ಹಿರಿಯಳಾದ ಚಾಯೊಂಗ್ ಅಕ್ಕ ಕಣ್ಣು ಹೊಡೆದಳು.

"ಎಣ್ಣೆ ಉಳಿದಿತ್ತು ಅಕ್ಕ, ಅಷ್ಟೇ!"

"ಹೂಂ... ಎಣ್ಣೆ!"

ಆದರೆ ಮೂರು ವಾರದ ಗಡುವು ಮುಗಿದು ಕಂಪನಿಯವರು ತಪಾಸಣೆಗೆ ಬರುವ ಹಿಂದಿನ ದಿನ, ಮಧ್ಯಾಹ್ನ ಊಟಕ್ಕೆ ಎದ್ದಾಗ, ಎಲಿಸಿಯೊ ಪುಸ್ತಕವನ್ನು ಬೆಂಚಿನ ಮೇಲೆ ಬಿಟ್ಟುಹೋದ. ತೆರೆದಿದ್ದ ಪುಟದಲ್ಲಿ ಹೀಗಿತ್ತು:

'ಲುನಿಂಗ್: ಹದಿನೇಳು. ಉಳಿದವರು: ಮೂರು, ನಾಲ್ಕು.'

ಲುನಿಂಗ್ ಅದನ್ನು ಎರಡೆರಡು ಸಲ ಓದಿದಳು. 'ಅಂದ್ರೆ ನಾನೇ ಎಲ್ಲರಿಗಿಂತ ನಿಧಾನ ಅಂತ ಬರ್ಕೊಂಡಿದ್ದಾನೆ... ನನ್ ತುರೋನ್ ತಿಂದು ನನ್ ಹೊಟ್ಟೆ ಮೇಲೇ ಹೊಡೀತಿದ್ದಾನಾ?'

ಪುಟ ತಿರುವಿ ನೋಡಬೇಕೆಂದು ಹೊಳೆಯಲಿಲ್ಲ. ಕಣ್ಣೀರು ತುಂಬಿದ್ದರೆ ಯಾರಿಗೆ ತಾನೇ ಹೊಳೆಯುತ್ತದೆ!

ಮರುದಿನ ಶೂ ಕಂಪನಿಯ ಮೇಡಂ ವಿಲ್ಯಾಲುಸ್ ಬಂದರು. ಲುನಿಂಗ್ ಹಾಡಲಿಲ್ಲ. ಎತ್ತಿದಳು, ಅದ್ದಿದಳು. ಎತ್ತಿದಳು, ಅದ್ದಿದಳು. ಮಿಂಚು ನೋಡಿದ್ದರೆ ನಾಚುತ್ತಿತ್ತು. ಹತ್ತು ಗೊಂಚಲು ಮುಗಿದ ಮೇಲೆ ಎಲಿಸಿಯೊ ಅವಳ ತೊಳೆಯುವ ನೀರನ್ನು ಗಾಜಿನ ಲೋಟದಲ್ಲಿ ಎತ್ತಿದ. ಗಿಳಿಯನ್ನೇ ಕರಗಿಸಿದಂಥ ಹಸಿರು!

ಮೇಡಂ ಹುಬ್ಬು ಗಂಟಿಕ್ಕಿದರು. "ಹೋದ ವಾರ ಇವ್ರು ತೊಳೆದ ನೀರು ಅಂತ ತಿಳಿ ನೀರು ಕಳ್ಸಿದ್ರಲ್ಲ ಎಲಿಸಿಯೊ? ಹಿಂಗಾದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗುತ್ತೆ."

ಮಾಂಗ್ ಕಾಡಿಯೋ ಎದೆ ಹಿಡಿದುಕೊಂಡ. ಎಲಿಸಿಯೊ ಲುನಿಂಗ್ ಕಡೆ ತಿರುಗಿದ.

"ಯಾಕೆ ಹಾಡ್ತಿಲ್ಲ ನೀವು?"

"ಹಾಡಿದ್ರೆ ನಿಧಾನ ಅಂತ ಬರ್ಕೊಳ್ತೀರಲ್ಲ!" ಅವಳ ದನಿ ಒಡೆಯಿತು. "ಹದಿನೇಳಂತೆ! ನೋಡ್ದೆ ನಾನು..."

"ಮುಂದಿನ ಪುಟ ನೋಡಿದ್ರಾ?"

"...ಇಲ್ಲ."

ಇವತ್ತು ಮೇಡಂ ಮುಂದೆ ಹೇಳಲೆಂದೇ ಬರೆದಿಟ್ಟಿದ್ದನ್ನು ಅವನು ಪುಸ್ತಕ ತೆರೆದು ಎಲ್ಲರಿಗೂ ಕೇಳುವಂತೆ ಓದಿದ. "'ಹಾಡು ಮುಗಿಯೋ ಹೊತ್ತಿಗೆ ಗೊಂಚಲಲ್ಲಿದ್ದ ನಿಕಲ್ ನೀರು ತೊಟ್ಟಿಗೇ ಬಿದ್ದಿರುತ್ತೆ. ನದಿಗೆ ಹೋಗಲ್ಲ, ವ್ಯರ್ಥವೂ ಆಗಲ್ಲ. ಇಲ್ಲಿ ಹೊಸ ಯಂತ್ರ ಬೇಡ. ಲುನಿಂಗ್ ಅವ್ರು ಎಲ್ಲರಿಗೂ ಹಾಡು ಕಲಿಸಿದ್ರೆ ಸಾಕು.'"

ಲುನಿಂಗ್ ಪುಸ್ತಕ ಕಸಿದುಕೊಂಡು ಆ ಪುಟವನ್ನು ತಾನೂ ಓದಿದಳು.

"ಮೇಡಂ, ಇನ್ನೊಂದ್ಸಲ ನೋಡಿ," ಕಣ್ಣೊರೆಸಿಕೊಂಡು ಕೈಮುಗಿದಳು. "ನೀರು ಬದಲಾಯ್ಸಿ. ಅಕ್ಕಂದಿರಾ, ನನ್ ಜೊತೆ ಹಾಡಿ!"

ಏಳೂ ತೊಳೆಯುವ ತೊಟ್ಟಿಗಳಲ್ಲಿ ಹೊಸ ನೀರು ತುಂಬಿತು. ಏಳು ಗೊಂಚಲು ಮೇಲೆದ್ದವು. ಏಳು ಗಂಟಲು ಜೋಗುಳ ಹಾಡಿದವು. ಮನಿಲಾದಲ್ಲಿ ಅಳುತ್ತಿದ್ದ ಕೂಸುಗಳೆಲ್ಲ ಆ ಗಳಿಗೆಯಲ್ಲೇ ಮಲಗಿದವು! ಮಾಂಗ್ ಕಾಡಿಯೋ ಸೇರಿಕೊಂಡಾಗ ಅರ್ಧದಷ್ಟು ಮತ್ತೆ ಎದ್ದವು.

ಹತ್ತು ಗೊಂಚಲಾದ ಮೇಲೆ ಎಲಿಸಿಯೊ ಏಳು ಲೋಟ ಸಾಲಾಗಿ ಇಟ್ಟ. ಏಳರಲ್ಲೂ ಹಸಿರಿನ ಸುಳಿವಷ್ಟೇ, ಆಚೆ ಹಿಡಿದ ಬೆರಳು ಕಾಣುವಷ್ಟು ತಿಳಿ.

"ಹಿಂಗೇ ನಡೆಸಿದ್ರೆ ಬಕಲ್ ಇಲ್ಲಿಂದ್ಲೇ," ಮೇಡಂ ನಕ್ಕರು. "ಹಾಡು ಮಾತ್ರ ಬಿಡ್ಬೇಡಿ."

ಗದ್ದಲ ಇಳಿದ ಮೇಲೆ ಲುನಿಂಗ್ ತೊಟ್ಟಿಯ ಅಂಚು ಒರೆಸುತ್ತ ನಿಂತಳು. ಒರೆಸಿದ್ದನ್ನೇ ಒರೆಸಿದಳು.

"ತಪ್ಪಾಯ್ತು... ಸುಮ್ನೆ ಸಂಶಯ ಪಟ್ಟೆ."

"ನಂಗೂ ಒಂದು ಸಂಶಯ ಇದೆ." ಎಲಿಸಿಯೊ ಹತ್ತಿರ ಬಂದ. ಇವತ್ತೂ ಅದೇ ಶೂ, ಹಸಿರು ಕಲೆ ಹಾಗೇ ಇತ್ತು. "ನಿಮ್ ಹಾಡು ಯಾವಾಗ್ಲೂ ಹದಿನೇಳು ಎಣಿಕೆ. ಹೋದ ಗುರುವಾರ ಮಾತ್ರ ಇಪ್ಪತ್ತೆರಡಾಯ್ತು. ಯಾಕೆ ಅಂತ ಎಷ್ಟು ಯೋಚಿಸಿದ್ರೂ ಗೊತ್ತಾಗ್ಲಿಲ್ಲ."

ಅವಳು ತಲೆ ತಗ್ಗಿಸಿದಳು. "ಅವತ್ತು... ನೀನು ಪಕ್ಕದಲ್ಲಿ ನಿಂತಿದ್ದೆ. ಮುಗಿಸೋಕೆ ಮನಸ್ಸೇ ಬರ್ಲಿಲ್ಲ."

'ನೀನು' ಎಂಬ ಆ ಒಂದು ಮಾತಿಗೆ ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಲುನಿಂಗ್... ದಿನಾ ಪಕ್ಕದಲ್ಲೇ ನಿಂತ್ರೆ?"

"ಆಗ ಆಮೆ ರಾಣಿ ಕೆಲ್ಸ ಮುಗ್ಸೋದೇ ಇಲ್ಲ!"

"ಪರವಾಗಿಲ್ಲ."

"ನಿನ್ ಸ್ಟಾಪ್‌ವಾಚ್ ಸುಮ್ನಿರುತ್ತಾ?"

ಅವನು ಅದನ್ನು ಜೇಬಿನಿಂದ ತೆಗೆದು, ನಿಲ್ಲಿಸಿ, ಅವಳ ಒದ್ದೆ ಅಂಗೈಯಲ್ಲಿಟ್ಟ.